ನೂಲಿನ ಬೆಲೆಯೂ ನೋಟದ ಬೆಲೆಯೂ

ಅಲ್ಲಾಹನು ಮಾನವನಿಗೆ ದಯಪಾಲಿಸಿರುವ ಅಸಂಖ್ಯ ಅನುಗ್ರಹಗಳಲ್ಲಿ ವಸ್ತ್ರವೂ ಒಂದು. ಪಕ್ಷಿಗೆ ಗರಿಯನ್ನೂ ಕುರಿಗೆ ಉಣ್ಣೆಯನ್ನೂ ಮೈಯೊಡನೆಯೇ ಬೆಳೆಸಿದ ಸೃಷ್ಟಿಕರ್ತನು ಮನುಷ್ಯನನ್ನು ಬರಿಮೈಯಲ್ಲಿ ಕಳುಹಿಸಿ, ನೂಲುವ, ನೇಯುವ, ಹೊಲಿಯುವ ಬುದ್ಧಿಯನ್ನು ಅವನಿಗಿತ್ತನು. ಪವಿತ್ರ ಕುರ್‌ಆನಿನ ‘ಅಲ್ ಅಅ್‌ರಾಫ್’ ಅಧ್ಯಾಯದ 26ನೆಯ ಸೂಕ್ತವು ಉಡುಪಿನ ಎರಡು ಪ್ರಯೋಜನಗಳನ್ನು ತಿಳಿಸುತ್ತದೆ: ಒಂದು ಮಾನ ಮುಚ್ಚುವುದು, ಇನ್ನೊಂದು ಅಲಂಕಾರ. ಅದರ ಬೆನ್ನಿಗೇ ತಖ್ವಾದ ಉಡುಪೇ ಎಲ್ಲಕ್ಕಿಂತ ಉತ್ತಮವೆಂದೂ ಸಾರುತ್ತದೆ. ಅಂದಮೇಲೆ ಅಲಂಕಾರವು ಧರ್ಮದ ದೃಷ್ಟಿಯಲ್ಲಿ ತಿರಸ್ಕೃತ ವಸ್ತುವಲ್ಲ. ಅದಕ್ಕಾಗಿ ಎಷ್ಟು ಬೆಲೆ ತೆರಬಹುದು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ರಮಝಾನ್ ತಿಂಗಳ ಕೊನೆಯ ಹತ್ತು ದಿನಗಳಲ್ಲಿ ಭಟ್ಕಳದ ಪೇಟೆಯನ್ನು ಕಂಡವರಿಗೆ ಈ ಪ್ರಶ್ನೆಯ ಬಿಸಿ ತಿಳಿದಿರುತ್ತದೆ. ತರಾವೀಹ್ ನಮಾಝ್ ಮುಗಿಯುತ್ತಲೇ ರಸ್ತೆಯ ಬದಿಯ ತಾತ್ಕಾಲಿಕ ಅಂಗಡಿಗಳಲ್ಲಿ ದೀಪಗಳು ಬೆಳಗುತ್ತವೆ. ಆಸುಪಾಸಿನ ಊರುಗಳಿಂದ ಎಲ್ಲ ಸಮುದಾಯದ ಜನರೂ ಬಂದು ಸೇರುತ್ತಾರೆ. ಒಂದೆಡೆ 300 ರೂಪಾಯಿಯ ಕುರ್ತಾ ತೂಗಾಡುತ್ತಿದ್ದರೆ, ನಾಲ್ಕು ಹೆಜ್ಜೆ ಆಚೆಗೆ ಗಾಜಿನ ಬಾಗಿಲಿನ ಮಳಿಗೆಯಲ್ಲಿ 3,000 ರೂಪಾಯಿಯ ಕುರ್ತಾ ಮಡಿಕೆ ಕೆಡದಂತೆ ಕುಳಿತಿರುತ್ತದೆ. ಎರಡನ್ನೂ ಮುಟ್ಟಿ ನೋಡಿ ಬಂದ ಯುವಕನೊಬ್ಬ ಒಮ್ಮೆ ನಮ್ಮನ್ನು ಕೇಳಿದ: “ಮೌಲಾನಾ, ಹತ್ತು ಪಟ್ಟು ಬೆಲೆ ಕೊಟ್ಟರೆ ಹತ್ತು ಪಟ್ಟು ಗುನಾಹ್ ಆಗುತ್ತದೆಯೇ?” ಅವನು ನಗುತ್ತಲೇ ಕೇಳಿದ್ದ. ಆದರೆ ಉತ್ತರವನ್ನು ನಗೆಯಲ್ಲಿ ತೇಲಿಸಿಬಿಡುವಂತಿರಲಿಲ್ಲ.

ದುಬಾರಿ ವಸ್ತ್ರವೆಂಬ ಒಂದೇ ಕಾರಣಕ್ಕೆ ಇಸ್ಲಾಮ್ ಅದನ್ನು ನಿಷೇಧಿಸುವುದಿಲ್ಲ. ಅಬ್ದುಲ್ಲಾಹ್ ಇಬ್ನ್ ಮಸ್ಊದ್(ರ) ವರದಿ ಮಾಡಿರುವ ‘ಸಹೀಹ್ ಮುಸ್ಲಿಮ್’ ಗ್ರಂಥದ ಹದೀಸ್ ಸುಪ್ರಸಿದ್ಧವಾದುದು. ತನ್ನ ಉಡುಪೂ ಪಾದರಕ್ಷೆಯೂ ಚೆನ್ನಾಗಿರಬೇಕೆಂದು ಬಯಸುವುದು ಅಹಂಕಾರವೇ ಎಂದು ಒಬ್ಬರು ಸಂದೇಹಪಟ್ಟಾಗ, ಅಲ್ಲಾಹನು ಸುಂದರನು, ಸೌಂದರ್ಯವನ್ನು ಪ್ರೀತಿಸುವನು ಎಂದು ಪ್ರವಾದಿ(ಸ)ರವರು ತಿಳಿಸಿದರು. ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದು, ಇವೇ ಅಹಂಕಾರವೆಂದು ವಿವರಿಸಿದರು. ಇನ್ನೊಮ್ಮೆ, ಸಂಪತ್ತಿದ್ದೂ ಜೀರ್ಣವಸ್ತ್ರದಲ್ಲಿ ಬಂದ ವ್ಯಕ್ತಿಯೊಬ್ಬರಿಗೆ, ಅಲ್ಲಾಹನ ಅನುಗ್ರಹದ ಗುರುತು ನಿನ್ನ ಮೇಲೆ ಕಾಣಲಿ ಎಂಬರ್ಥದ ಬೋಧನೆ ಮಾಡಿದುದನ್ನು ಅಬೂದಾವೂದ್ ದಾಖಲಿಸಿದ್ದಾರೆ. ಇಬ್ನ್ ಅಬ್ಬಾಸ್(ರ)ರ ಮಾತಿನ ತಾತ್ಪರ್ಯವಂತೂ ಇಡೀ ಚರ್ಚೆಗೆ ಗಡಿ ಹಾಕಿಕೊಡುತ್ತದೆ: ಬಯಸಿದುದನ್ನು ಉಣ್ಣು, ಬಯಸಿದುದನ್ನು ಉಡು, ಆದರೆ ದುಂದುಗಾರಿಕೆ ಮತ್ತು ಗರ್ವ, ಇವೆರಡು ನಿನ್ನ ಬಳಿ ಸುಳಿಯದಿರಲಿ.

ದುಂದು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ತಿಳಿಯಲು ಬೆಲೆಯ ಚೀಟಿಯೊಂದೇ ಸಾಲದು. ನಮ್ಮ ತಂದೆಯವರು ಹೊನ್ನಾವರದಲ್ಲಿ ದರ್ಜಿಯಾಗಿದ್ದರು. ಬಟ್ಟೆಯ ಮುಖ ನೋಡಬೇಡ, ಬೆನ್ನು ನೋಡು ಎಂಬುದು ಅವರು ನಮಗೆ ಕಲಿಸಿದ ಮೊದಲ ಪಾಠ. ಗಿರಾಕಿಯು ತಂದ ತಾನನ್ನು ಅವರು ಬೆಳಕಿಗೆ ಹಿಡಿದು ಎಳೆಗಳ ಒತ್ತು ನೋಡುತ್ತಿದ್ದರು. ಮೂಲೆಯನ್ನು ಬೆರಳುಗಳ ನಡುವೆ ತಿಕ್ಕುತ್ತಿದ್ದರು; ಪುಡಿ ಉದುರಿದರೆ ಅದು ಬಟ್ಟೆಯ ದಪ್ಪವಲ್ಲ, ಗಂಜಿಯ ದಪ್ಪ. ಅಂಚಿನ ಒಂದೆರಡು ಎಳೆಗಳನ್ನು ಕಿತ್ತು ಸುಡುತ್ತಿದ್ದರು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಮತ್ತು ಹಗುರ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಸಿದ್ಧ ಉಡುಪು ಕಂಡರೆ ಅದನ್ನು ಒಳಮಗ್ಗುಲಿಗೆ ತಿರುವಿ, ಹೊಲಿಗೆಯ ಎರಡು ಬದಿ ಹಿಡಿದು ಎಳೆದು, ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆಂದು ಅಳೆಯುತ್ತಿದ್ದರು. ಒಳಗೆ ಬಟ್ಟೆ ಬಿಟ್ಟ ಉಡುಪನ್ನು ಮೈ ಬೆಳೆದಂತೆ ಬಿಚ್ಚಿ ಹೊಲಿಯಬಹುದು. ಅಂಚಿಗೇ ಹೊಲಿದುದು ಒಂದು ವರ್ಷದ ಸಂಗಾತಿ.

ಇಂತಹ ಪರೀಕ್ಷೆಯಲ್ಲಿ ಗೆದ್ದ ಬಟ್ಟೆಗೆ ಹೆಚ್ಚು ಹಣ ಕೊಡುವುದು ದುಂದಲ್ಲ. 400 ರೂಪಾಯಿಯ ಅಂಗಿ ಇಪ್ಪತ್ತು ಒಗೆತಕ್ಕೆ ಕಾಲರ್ ಕಿತ್ತು ಬಂದರೆ ಒಂದು ತೊಡುಗೆಗೆ 20 ರೂಪಾಯಿ ಬಿತ್ತು. 1,200 ರೂಪಾಯಿಯ ಅಂಗಿ ನೂರಿಪ್ಪತ್ತು ಒಗೆತ ತಾಳಿದರೆ ಒಂದು ತೊಡುಗೆಗೆ 10 ರೂಪಾಯಿ. ಕುಮಟಾದಲ್ಲಿ ಕನ್ನಡ ಪದವಿ ಓದುತ್ತಿದ್ದ ದಿನಗಳಲ್ಲಿ ಎರಡೇ ಅಂಗಿಗಳಲ್ಲಿ ಮೂರು ವರ್ಷ ಕಳೆದ ನಮಗೆ ಈ ಗಣಿತ ಬಾಯಿಪಾಠವಾಗಿತ್ತು. ಒಮ್ಮೆಗೇ ದೊಡ್ಡ ಮೊತ್ತ ಕೈಯಲ್ಲಿಲ್ಲದ ಬಡವನು ಅಗ್ಗದ ಬಟ್ಟೆಯನ್ನು ಮತ್ತೆ ಮತ್ತೆ ಕೊಳ್ಳಬೇಕಾಗುತ್ತದೆ. ಹೀಗೆ ಬಡತನವೇ ಅವನಿಂದ ಹೆಚ್ಚು ಹಣ ವಸೂಲು ಮಾಡುತ್ತದೆ. ಆದುದರಿಂದ ಈದ್‌ಗೆ ಬಡವರಿಗೆ ವಸ್ತ್ರದಾನ ಮಾಡುವವರು ಅಗ್ಗದ ಹತ್ತು ಜೊತೆಗಳಿಗಿಂತ ಗಟ್ಟಿಯಾದ ಐದು ಜೊತೆಗಳನ್ನು ಕೊಡುವುದು ಉತ್ತಮವೆಂದು ನಮ್ಮ ಅಭಿಪ್ರಾಯ.

ಆದರೆ ಇದೇ ಗಣಿತ ಬೀರುವಿನಲ್ಲಿ ಮಲಗಿರುವ ಬಟ್ಟೆಯ ಬಣ್ಣವನ್ನೂ ಬಯಲು ಮಾಡುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಕರಾವಳಿ ನಮ್ಮದು. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಾಗ ಬೀರುವಿನೊಳಗಿನ ಜರತಾರಿ ಕಪ್ಪಾಗುತ್ತದೆ, ಪ್ಲಾಸ್ಟಿಕ್ ಚೀಲದೊಳಗಿನ ರೇಷ್ಮೆಗೆ ಬೂಸ್ಟು ಹಿಡಿಯುತ್ತದೆ, ಅಂಟಿಸಿದ ಕಲ್ಲುಗಳು ಒಂದೊಂದಾಗಿ ಉದುರುತ್ತವೆ. ಒಮ್ಮೆ ಉಟ್ಟು ಒಳಗಿಟ್ಟ 30,000 ರೂಪಾಯಿಯ ಉಡುಪಿಗೆ ಒಂದು ತೊಡುಗೆಯ ಬೆಲೆ 30,000 ರೂಪಾಯಿಯೇ. ಅಷ್ಟು ದುಬಾರಿ ವಸ್ತ್ರವನ್ನು ಹಿಂದಿನ ಸುಲ್ತಾನರೂ ತೊಟ್ಟಿರಲಾರರು!

ಬೆಲೆ ಬೇರೆ, ಮೌಲ್ಯ ಬೇರೆ ಎಂಬುದಕ್ಕೆ ನಮ್ಮ ನೆಲದಲ್ಲಿಯೇ ಒಂದು ದೊಡ್ಡ ಸಾಕ್ಷಿಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಎತ್ತುಗಳ ಬೆನ್ನಿನಲ್ಲಿಯೂ ಗಾಡಿಗಳಲ್ಲಿಯೂ ಘಟ್ಟವಿಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಮುಂಬಯಿಗೆ ಹಡಗೇರುತ್ತಿತ್ತು. ಬೆಳೆದ ಊರು ಬೇರೆಯಾದರೂ ಮುಂಬಯಿ ಪೇಟೆಯಲ್ಲಿ ಆ ಹತ್ತಿಗೆ ‘ಕುಮಟಾ’ ಎಂದೇ ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ದಕ್ಷಿಣದ ಬಂದರುಗಳು ಮುಚ್ಚಿದಾಗ, ಇಂಗ್ಲೆಂಡಿನ ಗಿರಣಿಗಳು ಭಾರತದ ಹತ್ತಿಗಾಗಿ ಬಾಯಿಬಿಟ್ಟು ನಿಂತವು. ಹತ್ತಿಯ ದರ ಹಲವು ಪಟ್ಟು ಏರಿತು. ಯುದ್ಧ ಮುಗಿದೊಡನೆ ಅಷ್ಟೇ ವೇಗದಲ್ಲಿ ಕುಸಿದು ಮುಂಬಯಿಯ ಎಷ್ಟೋ ಧನಿಕರನ್ನು ದಿವಾಳಿಯೆಬ್ಬಿಸಿತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಿದುದರ ಹಿಂದೆಯೂ ಈ ಹತ್ತಿ ವ್ಯಾಪಾರದ ಹಿತಾಸಕ್ತಿಯಿತ್ತು. ಇಷ್ಟೆಲ್ಲ ಏರಿಳಿತ ನಡೆದರೂ ಹತ್ತಿಯ ಎಳೆ ಒಂದು ಗೆರೆಯಷ್ಟೂ ಉದ್ದವಾಗಲಿಲ್ಲ, ಮೃದುವಾಗಲಿಲ್ಲ. ಬದಲಾದುದು ಜನರ ಆತುರ ಮಾತ್ರ. ಅಂಗಡಿಯ ಚೀಟಿಯ ಮೇಲಿರುವ ಅಂಕಿಯಲ್ಲಿಯೂ ನೂಲಿನ ಪಾಲು ಒಂದಿಷ್ಟು, ಆತುರದ ಪಾಲು ಒಂದಿಷ್ಟು ಬೆರೆತಿರುತ್ತದೆ.

ನೂಲಿನ ಪಾಲನ್ನು ಪರೀಕ್ಷಿಸಲು ದಾರಿಗಳಿವೆ. ಶುದ್ಧ ರೇಷ್ಮೆಗೆ ಕೇಂದ್ರ ರೇಷ್ಮೆ ಮಂಡಳಿಯ ಯೋಜನೆಯಾದ ‘ಸಿಲ್ಕ್ ಮಾರ್ಕ್’ ಚೀಟಿಯಿರುತ್ತದೆ. 1912ರಲ್ಲಿ ಆರಂಭವಾದ ಮೈಸೂರಿನ ಸರಕಾರಿ ರೇಷ್ಮೆ ಕಾರ್ಖಾನೆಯ ಸೀರೆ ದುಬಾರಿಯಾದರೂ, ಅದರಲ್ಲಿ ಕೊಟ್ಟ ಹಣಕ್ಕೆ ತಕ್ಕ ರೇಷ್ಮೆಯೂ ಬೆಳ್ಳಿಯೆಳೆಯ ಜರಿಯೂ ಇವೆ. ಸಿದ್ಧ ಉಡುಪು ಕೊಳ್ಳುವವರು ತೆರಿಗೆಯನ್ನೂ ಲೆಕ್ಕ ಹಿಡಿಯಬೇಕು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಶೇಕಡಾ 5, ಅದಕ್ಕೆ ಮೀರಿದ್ದಕ್ಕೆ ಶೇಕಡಾ 18 ಜಿಎಸ್‌ಟಿ ಇದೆ. ಅಂದರೆ 10,000 ರೂಪಾಯಿಯ ಉಡುಪಿನ ಮೇಲೆ 1,800 ರೂಪಾಯಿ ತೆರಿಗೆಗೇ ಹೋಗುತ್ತದೆ. ಮಾರುವವರ ಹೊಣೆಯೂ ಸಣ್ಣದಲ್ಲ. ಇಮಾಮ್ ಅಬೂ ಹನೀಫಾ(ರಹ್)ರವರು ಕೂಫಾದಲ್ಲಿ ವಸ್ತ್ರವ್ಯಾಪಾರಿಯಾಗಿದ್ದರು. ದೋಷವಿದ್ದ ಬಟ್ಟೆಯನ್ನು ಪಾಲುದಾರರು ಆ ದೋಷವನ್ನು ತಿಳಿಸದೆ ಮಾರಿಬಿಟ್ಟಾಗ, ಬಂದ ಹಣವನ್ನೆಲ್ಲ ಅವರು ದಾನ ಮಾಡಿದರೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ಬಟ್ಟೆಯ ಬೆನ್ನನ್ನು ತಾನಾಗಿಯೇ ತೋರಿಸುವ ವ್ಯಾಪಾರಿ ಸಿಕ್ಕರೆ ಆ ಅಂಗಡಿಯನ್ನು ಬಿಡಬಾರದು.

ಇನ್ನು ಉಳಿದದ್ದು ನೋಟದ ಪಾಲು. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಮಾಡಲಿಲ್ಲ. ಬಟ್ಟೆಯನ್ನು ನಾವು ಉಡುತ್ತೇವೆ, ನೋಡುವವರು ಪರರು. ಹಾಗಾಗಿ ಪರರ ಕಣ್ಣಿಗಾಗಿ ನಮ್ಮ ಕಿಸೆ ಖಾಲಿಯಾಗುತ್ತದೆ. ಖ್ಯಾತಿಗಾಗಿ ಉಡುಪು ಧರಿಸಿದವನಿಗೆ ಅಲ್ಲಾಹನು ಅಂತ್ಯದಿನದಲ್ಲಿ ನಿಂದ್ಯತೆಯ ಉಡುಪು ತೊಡಿಸುವನೆಂಬ ಎಚ್ಚರಿಕೆಯನ್ನು ಇಬ್ನ್ ಉಮರ್(ರ) ವರದಿ ಮಾಡಿದ್ದಾರೆ. ಹರಕು ಬಟ್ಟೆಯುಟ್ಟು ತನ್ನ ವೈರಾಗ್ಯವನ್ನು ಮೆರೆಸುವುದೂ ಈ ಖ್ಯಾತಿಯಲ್ಲಿ ಸೇರುತ್ತದೆ ಎಂದು ವಿದ್ವಾಂಸರು ಹೇಳಿದ್ದಾರೆ. ಇಂದು ಕೊಲ್ಲಿಯಿಂದ ಬರುವ ಕೆಲವು ಅಬಾಯಾಗಳನ್ನು ಕಂಡಾಗ ಈ ಎಚ್ಚರಿಕೆ ನೆನಪಾಗುತ್ತದೆ. ನೋಟವನ್ನು ತಗ್ಗಿಸಲೆಂದು ವಿಧಿಸಲಾದ ಹೊದಿಕೆಯ ಮೇಲೆಯೇ ನೋಟವನ್ನು ಸೆಳೆಯುವ ಕಲ್ಲು, ಮಣಿ, ಚಿನ್ನದ ದಾರ! ಗಂಡಸರೂ ಹಿಂದೆ ಬಿದ್ದಿಲ್ಲ. ಶುದ್ಧ ರೇಷ್ಮೆಯು ಪುರುಷರಿಗೆ ನಿಷಿದ್ಧ. ಮಸೀದಿಯ ಬಾಗಿಲ ಬಳಿ ಮಾರಾಟಕ್ಕಿದ್ದ ರೇಷ್ಮೆಯ ಉಡುಪನ್ನು ಜುಮಾ ದಿನಕ್ಕೂ ನಿಯೋಗಗಳ ಭೇಟಿಗೂ ಕೊಳ್ಳಬಹುದೆಂದು ಉಮರ್(ರ) ಸೂಚಿಸಿದಾಗ ಪ್ರವಾದಿ(ಸ) ಒಪ್ಪಲಿಲ್ಲ. ಹಾಗಿದ್ದೂ ಮದುವೆಯ ಶೇರ್ವಾನಿಗೆ ಅಪ್ಪಟ ರೇಷ್ಮೆಯೇ ಬೇಕೆಂದು ಹಟ ಹಿಡಿಯುವ ವರರಿದ್ದಾರೆ. ಅಲ್ಲಿ ಕಡಿಮೆ ಬೆಲೆಯ ಕೃತಕ ರೇಷ್ಮೆ ಸಮ್ಮತ, ದುಬಾರಿಯಾದ ಅಸಲು ರೇಷ್ಮೆ ಅಸಮ್ಮತ. ಬೆಲೆಯೇ ಹಿರಿಮೆಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕೆ?

ಇವೆಲ್ಲ ಮಿಂಬರಿನ ಮೇಲೆ ಹೇಳಲು ಸುಲಭವಾದ ಮಾತುಗಳು. ಕೆಲವು ವರ್ಷಗಳ ಹಿಂದೆ ಇವು ನಮ್ಮ ಮನೆಯೊಳಗೇ ಪರೀಕ್ಷೆಗೆ ನಿಂತವು. ಹೊನ್ನಾವರದಲ್ಲಿರುವ ನಮ್ಮ ತಂಗಿಯ ಮಗಳಿಗೆ ನಿಕಾಹ್ ಗೊತ್ತಾಯಿತು. ವರನ ಕಡೆಯವರು ಏನನ್ನೂ ಕೇಳಿರಲಿಲ್ಲ. ಭಾವನವರು ಕೊಲ್ಲಿಯ ಒಂದು ಅಂಗಡಿಯಲ್ಲಿ ದುಡಿಯುವವರು. ತಿಂಗಳಿಗೆ ಮನೆಗೆ ಕಳುಹಿಸುತ್ತಿದ್ದುದು 25,000 ರೂಪಾಯಿ. ತಂಗಿಯು ಮಗಳಿಗೆಂದು ಮೆಚ್ಚಿಟ್ಟು ಬಂದ ಲೆಹೆಂಗಾದ ಬೆಲೆ 42,000 ರೂಪಾಯಿ. ಆ ಹಣಕ್ಕೆ ಕಿವಿಯೋಲೆಯನ್ನು ಅಡವಿಡುವುದೆಂದು ಅವಳು ಆಗಲೇ ಮನಸ್ಸು ಮಾಡಿದ್ದಳು.

ನಾವು ದುಂದಿನ ಕುರಿತು ಬಾಯಿ ತೆರೆಯುವ ಮುನ್ನವೇ ಅವಳು ಹೇಳಿದಳು: “ಭಾಯಿ, ನೀವು ಹೇಳುವುದೆಲ್ಲ ನನಗೂ ಗೊತ್ತು. ಆದರೆ ನಾಳೆ ಆ ಮನೆಯ ಹೆಂಗಸರು ಬಟ್ಟೆ ಮುಟ್ಟಿ ನೋಡಿ ಮುಖ ಮುಖ ನೋಡಿಕೊಂಡರೆ, ಆ ನೋಟವನ್ನು ಹತ್ತು ವರ್ಷ ಹೊರಬೇಕಾದವಳು ನನ್ನ ಮಗಳು. ನೀವೂ ಅಲ್ಲ, ನಾನೂ ಅಲ್ಲ.”

ಈ ಮಾತಿಗೆ ನಮ್ಮಲ್ಲಿ ಒಡನೆ ಉತ್ತರವಿರಲಿಲ್ಲ, ಏಕೆಂದರೆ ಅದು ಸುಳ್ಳಲ್ಲ. ಪರರ ನೋಟಕ್ಕೆ ಬೆಲೆ ಕೊಡಬೇಡ ಎಂದು ಉಳ್ಳವರಿಗೆ ಹೇಳುವುದು ಬೇರೆ. ಆ ನೋಟದ ಗಾಯ ನಿಜವಾಗಿಯೂ ತಾಗುವ ಬಡವರಿಗೆ ಹೇಳುವುದು ಬೇರೆ. ಕಣ್ಣೀರು ತಂದುಕೊಂಡ ತಂಗಿಗೆ ಇಸ್ರಾಫಿನ ಕುರಿತು ಉಪದೇಶ ಮಾಡುವುದು ನಮಗೆ ಸರಿಯೆನಿಸಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಸೊಸೆಮಗಳು ಮೆಲ್ಲನೆ ಕೇಳಿದಳು: “ಮಾಮಾ, ಪೇಟೆಯಲ್ಲಿ ಬಾಡಿಗೆಗೂ ಸಿಗುತ್ತದಲ್ಲ? ಒಂದು ದಿನಕ್ಕೆ ತಂದು ಕೊಟ್ಟರೆ ಆಗದೇ?” ಬಾಡಿಗೆಯ ಬಟ್ಟೆಯಲ್ಲಿ ಮಗಳನ್ನು ಕಳುಹಿಸುವುದೇ ಎಂದು ತಾಯಿ ತಲೆಯಾಡಿಸಿದಳು.

ಆಗ ‘ಸಹೀಹ್ ಬುಖಾರಿ’ಯಲ್ಲಿರುವ ಒಂದು ಸಂಗತಿಯನ್ನು ನಾವು ಅವರಿಗೆ ಹೇಳಿದೆವು. ಪ್ರವಾದಿ(ಸ)ರವರ ಕಾಲಾನಂತರ ಒಬ್ಬರು ಆಯಿಶಾ(ರ)ರವರನ್ನು ಕಾಣಲು ಹೋದಾಗ ಅವರು ಐದು ದಿರ್ಹಮ್ ಬೆಲೆಯ ಒರಟು ವಸ್ತ್ರದ ಅಂಗಿ ಧರಿಸಿದ್ದರು. ತನ್ನ ಸೇವಕಿಯು ಅಂಥದನ್ನು ಮನೆಯೊಳಗೆ ತೊಡಲೂ ಹಿಂಜರಿಯುತ್ತಾಳೆಂದು ತೋರಿಸಿ ಅವರು ಹೇಳಿದ ಮಾತಿನ ಸಾರವಿದು: ಪ್ರವಾದಿ(ಸ)ರವರ ಕಾಲದಲ್ಲಿ ಅಂಥದೇ ಒಂದು ಅಂಗಿ ಅವರ ಬಳಿಯಿತ್ತು; ಮದೀನಾದಲ್ಲಿ ಯಾವ ಹೆಣ್ಣನ್ನು ಮದುವೆಗೆ ಸಿಂಗರಿಸಬೇಕಾದರೂ ಜನರು ಆಳು ಕಳುಹಿಸಿ ಅದನ್ನೇ ಎರವಲು ತರಿಸಿಕೊಳ್ಳುತ್ತಿದ್ದರು. ಮದೀನಾದ ವಧುಗಳಿಗೆ ಎರವಲು ಬಟ್ಟೆ ಅವಮಾನವಾಗಿರಲಿಲ್ಲ. ಉಮ್ಮುಲ್ ಮುಅ್‌ಮಿನೀನರ ಮನೆಯಿಂದ ಬಂದುದೆಂಬ ಬರಕತ್ತು ಅದರಲ್ಲಿತ್ತು. ಹದೀಸ್ ವಿದ್ವಾಂಸರು ಇದನ್ನು ವಧುವಿಗಾಗಿ ಉಡುಪು ಎರವಲು ಪಡೆಯುವ ಶೀರ್ಷಿಕೆಯಡಿಯಲ್ಲಿಯೇ ಇರಿಸಿದ್ದಾರೆ.

ತಂಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: “ಹಾಗಾದರೆ ನಾವು ಎರವಲು ಪಡೆಯುವ ಬದಲು ಎರವಲು ಕೊಡುವವರಾಗಬಹುದಲ್ಲ, ಭಾಯಿ?” ಆ ರಾತ್ರಿ ಎಲ್ಲರೂ ಕುಳಿತು ತೀರ್ಮಾನಿಸಿದೆವು. ಕಲ್ಲು ಅಂಟಿಸಿದ 42,000 ರೂಪಾಯಿಯದು ಬೇಡ. ಕೈಯಿಂದ ಕಸೂತಿ ಮಾಡಿದ, ಬಟ್ಟೆ ಗಟ್ಟಿಯಿರುವ, ಹೊಲಿಗೆಯೊಳಗೆ ಎರಡು ಇಂಚು ಬಿಟ್ಟಿರುವ ಉಡುಪು 16,000 ರೂಪಾಯಿಗೆ ದೊರೆಯಿತು. ಅದು ಅಗ್ಗವೇನೂ ಅಲ್ಲ, ಆದರೆ ಕಿವಿಯೋಲೆ ಕಿವಿಯಲ್ಲಿಯೇ ಉಳಿಯಿತು. ಕೊಳ್ಳುವಾಗಲೇ ನಿಯ್ಯತ್ ಮಾಡಿದೆವು: ಇದು ಒಬ್ಬಳದಲ್ಲ, ಕುಟುಂಬದಲ್ಲಿ ಮುಂದೆ ಮದುವೆಯಾಗುವ ಎಲ್ಲ ಹುಡುಗಿಯರದು. ಇಂದಿಗೆ ಅದನ್ನು ನಾಲ್ವರು ವಧುಗಳು ತೊಟ್ಟಿದ್ದಾರೆ. ಒಬ್ಬಳು ಕುಮಟಾದವಳು, ಇಬ್ಬರು ಭಟ್ಕಳದವರು. ಒಬ್ಬಳಿಗೆ 4,000 ರೂಪಾಯಿಯಂತೆ ಬಿತ್ತು. ಪ್ರತಿ ಮದುವೆಯ ಬಳಿಕ ಅದು ಶುಚಿಯಾಗಿ, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿಕೊಂಡು ತಂಗಿಯ ಮನೆಗೆ ಮರಳುತ್ತದೆ. ಮಳೆಗಾಲ ಕಳೆದೊಡನೆ ಅವಳು ಅದನ್ನು ನೆರಳಿನಲ್ಲಿ ಗಾಳಿಗೆ ಹರವಿ, ಮಡಿಕೆ ಬದಲಿಸಿಡುತ್ತಾಳೆ. ವಧುವಿನ ಅತ್ತೆಯ ಮನೆಯ ಹೆಂಗಸರು ಬಟ್ಟೆಯನ್ನು ಮುಟ್ಟಿ ನೋಡಿದ್ದು ನಿಜ. ಅವರಲ್ಲಿ ಒಬ್ಬರು ಮರುವರ್ಷ ತಮ್ಮ ಮಗಳಿಗಾಗಿ ಅದನ್ನೇ ಕೇಳಿ ಒಯ್ದರೆಂಬುದೂ ನಿಜ.

ಹಾಗೆಂದು ತಂಗಿಯ ಮೊದಲ ಮಾತನ್ನು ನಾವು ಮರೆತಿಲ್ಲ. ಎಲ್ಲ ಮನೆಗಳಲ್ಲಿಯೂ ಅಂತಹ ನೋಟ ಮೆತ್ತಗಾಗುವುದಿಲ್ಲ. ಬಡವರು ದುಬಾರಿ ಉಡುಪಿಗೆ ಸಾಲ ಮಾಡುವುದು ಆಸೆಯಿಂದಲ್ಲ, ಭಯದಿಂದ. ಆ ಭಯವನ್ನು ಹುಟ್ಟಿಸುವವರು ಉಳ್ಳವರು. ಊರಿನ ಸಿರಿವಂತನೊಬ್ಬ ಮಗಳ ಮದುವೆಗೆ ಲಕ್ಷ ರೂಪಾಯಿಯ ಉಡುಪು ತರಿಸಿದರೆ ಅವನಿಗೆ ಹೋಗುವುದು ಒಂದು ಲಕ್ಷ. ಆದರೆ ಅದನ್ನು ಕಂಡು ಬೀದಿಯ ಹತ್ತು ಮನೆಗಳ ಅಳತೆಗೋಲು ಒಂದೊಂದು ಗೇಣು ಮೇಲೇರುತ್ತದೆ. ಅವರ ಅಡವು, ಅವರ ಬಡ್ಡಿ ಅವನ ಲೆಕ್ಕಪುಸ್ತಕದಲ್ಲಿ ಬರುವುದಿಲ್ಲ. ಅಲ್ಲಾಹನ ಲೆಕ್ಕದಲ್ಲಿ ಬಾರದೆಂದು ಯಾರು ಹೇಳಬಲ್ಲರು? ಆದುದರಿಂದ ಸರಳತೆಯ ಉಪದೇಶ ಬಡವನ ಮನೆಯಲ್ಲಿ ಆರಂಭವಾಗಬಾರದು. ದೊಡ್ಡ ಮನೆಯ ಮದುವೆಯಲ್ಲಿ ಆರಂಭವಾಗಬೇಕು. ಜಮಾಅತ್‌ನ ಹಿರಿಯರೊಬ್ಬರು ತಮ್ಮ ಮೊಮ್ಮಗಳನ್ನು ಎರವಲು ಉಡುಪಿನಲ್ಲಿ ನಿಕಾಹ್‌ಗೆ ಕೂರಿಸಿದರೆ, ಅದು ನೂರು ಖುತ್ಬಾಗಳಿಗೆ ಸಮ.

ನಮ್ಮ ಕರಾವಳಿಯ ಉಡುಪನ್ನು ಸುಮಾರು ಏಳು ಶತಮಾನಗಳ ಹಿಂದೆಯೇ ಒಬ್ಬ ಪರದೇಶಿ ಕಂಡು ಬರೆದಿಟ್ಟಿದ್ದಾನೆ. ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಹೊನ್ನಾವರಕ್ಕೆ ಬಂದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ, ಇಲ್ಲಿನ ಸ್ತ್ರೀಯರು ಹೊಲಿಯದ ಬಟ್ಟೆಯನ್ನೇ ಉಡುತ್ತಿದ್ದರೆಂದು ತಿಳಿಸುತ್ತಾನೆ. ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ, ಉಳಿದುದನ್ನು ತಲೆ ಮತ್ತು ಎದೆಯ ಮೇಲೆ ಹೊದೆಯುತ್ತಿದ್ದರಂತೆ. ಆದರೆ ಅವನನ್ನು ಬೆರಗುಗೊಳಿಸಿದ್ದು ಬಟ್ಟೆಯಲ್ಲ. ಆ ಸ್ತ್ರೀಯರಿಗೆಲ್ಲ ಕುರ್‌ಆನ್ ಕಂಠಸ್ಥವಾಗಿತ್ತೆಂದೂ, ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದವೆಂದೂ, ಇಂಥದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಅವನು ಬರೆದಿದ್ದಾನೆ. ಹೊಲಿಗೆಯಿಲ್ಲದ ಒಂದು ತುಂಡು ಬಟ್ಟೆಯ ಊರು, ಮೂವತ್ತಾರು ಶಾಲೆಗಳ ಊರು! 42,000 ರೂಪಾಯಿ ಮತ್ತು 16,000 ರೂಪಾಯಿಗಳ ನಡುವಿನ 26,000 ರೂಪಾಯಿ ಒಬ್ಬ ಹೆಣ್ಣುಮಗಳ ಓದಿಗೆ ಎಷ್ಟು ದೂರ ಒದಗುತ್ತದೆಂಬುದು ಶಿಕ್ಷಕರಾದ ನಮಗೆ ಚೆನ್ನಾಗಿ ಗೊತ್ತು.

ಹಾಗಾದರೆ ಅಂಗಡಿಯಲ್ಲಿ ನಿಂತಾಗ ಏನು ಮಾಡಬೇಕು? ಓದುಗ ಸಹೋದರ ಸಹೋದರಿಯರು ನಾಲ್ಕು ಪ್ರಶ್ನೆಗಳನ್ನು ತಮ್ಮಷ್ಟಕ್ಕೆ ಕೇಳಿಕೊಳ್ಳಲಿ. ಇದನ್ನು ಎಷ್ಟು ಸಲ ತೊಡುವೆನು? ಇದರ ಒಳಮಗ್ಗುಲು ಹೊರಮಗ್ಗುಲಿನಷ್ಟೇ ಗಟ್ಟಿಯಿದೆಯೇ? ಈ ಹಣ ಯಾರದಾದರೂ ಹಕ್ಕನ್ನು, ಅಂದರೆ ಸಾಲಗಾರನ, ಮಕ್ಕಳ, ಝಕಾತ್‌ನ ಹಕ್ಕನ್ನು ಮುಟ್ಟುತ್ತದೆಯೇ? ನನ್ನನ್ನು ನೋಡುವವರು ಯಾರೂ ಇಲ್ಲದ ಊರಿನಲ್ಲಿದ್ದರೂ ಇದಕ್ಕೆ ಇಷ್ಟೇ ಬೆಲೆ ಕೊಡುತ್ತಿದ್ದೆನೇ? ಮೊದಲ ಮೂರಕ್ಕೆ ಸಮಾಧಾನಕರ ಉತ್ತರ ದೊರೆತರೆ ದುಬಾರಿಯೆಂದು ಅಂಜಬೇಕಾಗಿಲ್ಲ. ಹಬ್ಬಕ್ಕೆ, ಜುಮಾಕ್ಕೆ, ಮದುವೆಗೆ ಚೆನ್ನಾಗಿ ಉಡುವುದು ಸುನ್ನತ್ತಿಗೆ ಹೊರತಲ್ಲ. ನಾಲ್ಕನೆಯ ಪ್ರಶ್ನೆಗೆ ಮನಸ್ಸು ತಡವರಿಸಿದರೆ, ಬೆಲೆಯಲ್ಲಿ ಅಷ್ಟು ಪಾಲು ನೋಟದ್ದು ಎಂದು ತಿಳಿದು ಅದನ್ನು ಕಿಸೆಯಲ್ಲಿಯೇ ಉಳಿಸಿಕೊಳ್ಳಲಿ.

ಕೊನೆಯದಾಗಿ ನಾವೆಲ್ಲರೂ ಧರಿಸಲಿರುವ ಉಡುಪೊಂದಿದೆ. ಅದಕ್ಕೆ ಕಿಸೆಯಿಲ್ಲ, ಗುಂಡಿಯಿಲ್ಲ, ಕಸೂತಿಯಿಲ್ಲ. ಪ್ರವಾದಿ(ಸ)ರವರಿಗೆ ಯಮನ್ ದೇಶದ ಮೂರು ಬಿಳಿಯ ಹತ್ತಿ ಬಟ್ಟೆಗಳಲ್ಲಿ ಕಫನ್ ಮಾಡಲಾಯಿತೆಂದು ಆಯಿಶಾ(ರ) ತಿಳಿಸಿದ್ದಾರೆ. ಅಬೂಬಕರ್(ರ) ಮರಣಶಯ್ಯೆಯಲ್ಲಿದ್ದಾಗ, ತಾವು ಉಟ್ಟಿದ್ದ ಹಳೆಯ ಬಟ್ಟೆಯನ್ನೇ ತೊಳೆದು, ಇನ್ನೆರಡು ಸೇರಿಸಿ ಕಫನ್ ಮಾಡಿರೆಂದರು. ಅದು ಹಳೆಯದಾಯಿತಲ್ಲ ಎಂದು ಮಗಳು ನೊಂದುಕೊಂಡಾಗ, ಹೊಸ ಬಟ್ಟೆಗೆ ಸತ್ತವರಿಗಿಂತ ಬದುಕಿರುವವರೇ ಹೆಚ್ಚು ಹಕ್ಕುದಾರರು ಎಂಬರ್ಥದ ಉತ್ತರವಿತ್ತರು. ಹೊಸ ಬಟ್ಟೆಯ ಹಕ್ಕು ಯಾರಿಗೆ ಹೆಚ್ಚು ಎಂದು ಸಾಯುವ ಗಳಿಗೆಯಲ್ಲಿಯೂ ಯೋಚಿಸಿದ ಮಹಾನುಭಾವರವರು. ಬದುಕಿ, ದುಡಿದು, ಅಂಗಡಿಯ ಮುಂದೆ ನಿಂತಿರುವ ನಾವು ಅಷ್ಟನ್ನು ಯೋಚಿಸಲಾರೆವೇ?

ಉಡುಪಿನಲ್ಲಿ ಶುಚಿಯನ್ನೂ ಖರ್ಚಿನಲ್ಲಿ ಮಿತಿಯನ್ನೂ ನೋಟದಲ್ಲಿ ಕರುಣೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ತಖ್ವಾದ ಉಡುಪಿನಿಂದ ನಮ್ಮನ್ನು ಅಲಂಕರಿಸಲಿ. ಆಮೀನ್.